ನೆಲದವರೆಗೂ ಗಾಜು

ಫೆಬ್ರವರಿ ೬, ಮಂಗಳವಾರ

ಮುಂಬಾಗಿಲು ತೆಗೆಸಿ ಹೊಸದು ಹಾಕಿಸುವುದೆಂದು ಇವತ್ತು ಊಟದ ಹೊತ್ತಿನಲ್ಲಿ ಹೇಳಿಬಿಟ್ಟೆ. ಇವರು ತಟ್ಟೆಯಿಂದ ತಲೆಯೆತ್ತಿ ಏನೋ ಅಂದರು. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ಇವರ ಮಾತು ಮೀಸೆ ದಾಟಿ ಹೊರಗೆ ಬಂದದ್ದಿಲ್ಲ. ಔಷಧಿ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಹೇಗೆ ಏಗುತ್ತಾರೋ! "ಹೂಂ" ಅಂದೆ. ಅಲ್ಲಿಗೆ ಮಾತು ಮುಗಿಯಿತು.

ತಪ್ಪು ಬಾಗಿಲಿನದೇ. ಶನಿವಾರ ಮಧ್ಯಾಹ್ನ ನಾನು ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಪಕ್ಕದ ಮನೆಗೆ ಹೋದವರು ವಾಪಸು ಬಂದಿದ್ದಾರೆ. ಎಳೆದುಕೊಂಡರೆ ತಾನೇ ಬೀಗ ಬೀಳುವ ಬಾಗಿಲು, ಕೀಲಿಕೈ ಒಳಗಿತ್ತು. ಬಡಿದಿದ್ದಾರೆ. ಸುಡುಬಿಸಿಲಿನಲ್ಲಿ ಅರ್ಧ ಗಂಟೆ ಬಡಿದಿದ್ದಾರೆ. ಕೊನೆಗೆ ತಲೆ ಸುತ್ತಿ ಮೆಟ್ಟಿಲ ಮೇಲೆ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡರು. ಪಕ್ಕದ ಮನೆಯಾಕೆ ಹಿತ್ತಲ ಗೋಡೆ ಹತ್ತಿ ಇಳಿದು ಹಿಂಬಾಗಿಲಿನಿಂದ ಬಂದು ನನ್ನ ಭುಜ ಮುಟ್ಟಿದಾಗಲೇ ನನಗೆ ಗೊತ್ತಾದದ್ದು.

"ಅಷ್ಟು ಹೊತ್ತು ಬಡೀತಿದ್ರಲ್ಲ, ನಮ್ಮ ಅಡುಗೆಮನೆಗೇ ಕೇಳಿಸ್ತು. ನೀವು ಒಳಗೇ ಇದ್ರಾ?" ಅಂದಳು.

ಆ "ಒಳಗೇ ಇದ್ರಾ" ಮೂರು ದಿನದಿಂದ ತಲೆಯಿಂದ ಹೋಗುತ್ತಿಲ್ಲ. ಹಿಂದಿನ ದಿನವಷ್ಟೇ ಅತ್ತೆಗೂ ನನಗೂ ಒಗೆದ ಬಟ್ಟೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆದಿತ್ತು, ಬೀದಿಗೆಲ್ಲ ಗೊತ್ತು. ಅತ್ತೆ ಹೊರಗೆ, ಸೊಸೆ ಒಳಗೆ, ಬಾಗಿಲು ತೆರೆಯಲಿಲ್ಲ ಅಂದರೆ ಜನಕ್ಕೆ ಬೇರೆ ಕಾರಣ ಹೊಳೆಯುತ್ತದೆಯೇ? ನಾದಿನಿ ಫೋನಿನಲ್ಲಿ ಇವರಿಗೆ ಏನು ಹೇಳಿದಳೋ, ಆಮೇಲಿಂದ ಇವರು ನನ್ನ ಮುಖ ನೋಡುವುದನ್ನು ಕಡಿಮೆ ಮಾಡಿದ್ದಾರೆ.

ಎರಡು ಅಂಗುಲ ದಪ್ಪದ ಹಳೆಯ ಮರ. ಅದರಾಚೆ ಗುಡುಗಿದರೂ ಒಳಗೆ ಬರುವುದಿಲ್ಲ. ಅಷ್ಟೇ ವಿಷಯ.

ಸಂಜೆಯಿಂದ ಒಂಬತ್ತು ಸಲ ಬಾಗಿಲು ತೆಗೆದು ನೋಡಿದ್ದೇನೆ. ಯಾರೂ ಇರಲಿಲ್ಲ.

ಫೆಬ್ರವರಿ ೮, ಗುರುವಾರ

ಬಡಗಿ ಬಂದಿದ್ದರು. ಅರವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು, ತುಟಿಗಳ ನಡುವೆ ಎರಡು ಮೊಳೆ. ಮೊಳೆ ಕಚ್ಚಿಕೊಂಡೇ ಮಾತಾಡುತ್ತಾರೆ, ಒಂದಕ್ಷರ ತಿಳಿಯುವುದಿಲ್ಲ. ಎರಡು ಸಲ "ಏನು?" ಅಂದೆ. ಮೂರನೆಯ ಸಲ "ಮೊದಲು ಮೊಳೆ ತೆಗೀರಿ" ಅಂದೆ.

"ಬಾಗಿಲು ಗಟ್ಟಿಮುಟ್ಟಾಗಿದೆ ಅಮ್ಮಾ. ಕೀಲು ಸ್ವಲ್ಪ ಜಗ್ಗಿದೆ, ಅಷ್ಟೆ. ಇದನ್ನ ಯಾಕೆ ತೆಗೀತೀರಿ?"

"ಹೊರಗೆ ಬಡಿದ್ರೆ ಒಳಗೆ ಕೇಳಲ್ಲ."

ಅವರು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. "ನಗಾರಿ ಇದ್ದ ಹಾಗಿದೆಯಲ್ಲ! ಮೂರು ಮನೆ ಆಚೆಗೂ ಕೇಳುತ್ತೆ."

"ಹತ್ತಿರ ನಿಂತ್ರೆ ಕೇಳುತ್ತೆ. ಒಳಕೋಣೆಗೆ ಕೇಳಲ್ಲ. ನಿಮಗೆ ಕೆಲಸ ಬೇಕೋ ಬೇಡವೋ?"

ಅಷ್ಟರಲ್ಲಿ ಅತ್ತೆ ಬಂದರು, ಕಟ್ಟು ಹಾಕಿದ ಕೈಯನ್ನು ಹಸುಗೂಸಿನಂತೆ ಎದೆಗವಚಿಕೊಂಡು. "ಬರೀ ಬಾಗಿಲು ಸಾಲದು. ಪಕ್ಕದ ಗೋಡೆ ಒಡೆದು ಗಾಜು ಹಾಕಿ. ಮೇಲಿಂದ ನೆಲದವರೆಗೂ."

ಬಡಗಿಗೆ ಇದು ಹಿಡಿಸಿತು. ಗೋಡೆಯ ಮೇಲ್ಭಾಗವನ್ನು ಸುತ್ತಿಗೆಯಿಂದ ತಟ್ಟುತ್ತ ಹೋಗಿ, ಬಾಗಿಲ ಮೇಲಿನ ಕಾಂಕ್ರೀಟು ತೊಲೆ ಪಕ್ಕಕ್ಕೂ ಎರಡು ಅಡಿ ಚಾಚಿದೆ, ಅದರ ಕೆಳಗೆ ಒಂದೂಕಾಲು ಅಡಿ ಅಗಲ ಒಡೆದರೆ ಭಯವಿಲ್ಲ ಅಂದರು.

"ಗಾಜು ಬೇಕಾದ್ರೆ ಸೊಂಟದಿಂದ ಮೇಲಕ್ಕೆ ಇರಲಿ," ಅಂದೆ. "ನೆಲದವರೆಗೂ ಯಾಕೆ?"

"ಬಿದ್ದವರೂ ಕಾಣಬೇಕಲ್ಲ," ಅಂದರು ಅತ್ತೆ.

ಬಡಗಿ ಕಿವಿಯ ಮೇಲಿದ್ದ ಪೆನ್ಸಿಲನ್ನು ಚೀಲದಲ್ಲಿ ಹುಡುಕತೊಡಗಿದರು.

ಚುಚ್ಚುವುದರಲ್ಲಿ ನಮ್ಮತ್ತೆಯನ್ನು ಮೀರಿಸಿದವರಿಲ್ಲ. ಬೀದಿ ನೋಡುತ್ತ ಕೂರುವ ಆಸೆ, ಅದಕ್ಕೆ ಕೈ ಮುರಿದದ್ದೊಂದು ನೆಪ. ಆದರೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಫೆಬ್ರವರಿ ೧೩, ಮಂಗಳವಾರ

ಕೋರ್ಟಿನಲ್ಲಿ ಇವತ್ತು ಮಾನ ಹೋಯಿತು.

ಕಳ್ಳತನದ ಮೊಕದ್ದಮೆ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ವಾಕ್ಯ ಮಾಡಿ ಹೇಳುತ್ತಾರೆ, ನಾನು ಬೆರಳಚ್ಚು ಮಾಡುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಈ ಸಾಹೇಬರಿಗೆ ಅಂಗೈಯಲ್ಲಿ ಗದ್ದ ಊರಿ, ಬೆರಳುಗಳನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ಮಾತಾಡುವ ಚಟ. ತಲೆಯ ಮೇಲೆ ಆ ಫ್ಯಾನು ಬೇರೆ.

ಸಂಜೆ ಹಾಳೆ ಓದಿದ ವಕೀಲರು ಧಡಕ್ಕನೆ ಎದ್ದರು. "ಸ್ವಾಮೀ, ನನ್ನ ಕಕ್ಷಿದಾರ ಆ ಹೊತ್ತಿಗೆ ಅಂಗಡಿಯಲ್ಲಿ ಇಲ್ಲ ಅಂತ ಸಾಕ್ಷಿ ಹೇಳಿದಾನೆ. ಇಲ್ಲಿ ಇದ್ದ ಅಂತ ಬಂದಿದೆ!"

ಇಲ್ಲ. ಇದ್ದ. ಒಂದೇ ಒತ್ತಕ್ಷರ.

ಸಾಹೇಬರು ನನ್ನ ಕಡೆ ಬಗ್ಗಿ, "ಏನಮ್ಮಾ, ನಿದ್ದೆಗೆಟ್ಟಿದ್ರಾ?" ಅಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. "ಫ್ಯಾನಿನ ಸದ್ದು ಸರ್" ಅಂದೆ. ತಿದ್ದಿಕೊಟ್ಟೆ. ಅವಸರದಲ್ಲಿ ಮತ್ತೊಂದು ಕಡೆ ತಪ್ಪಿತು, ಅದನ್ನೂ ತಿದ್ದಿದೆ.

ನಾಳೆ ಆ ಫ್ಯಾನಿಗೆ ಎಣ್ಣೆ ಬಿಡಿಸಲು ಅರ್ಜಿ ಬರೆಯಬೇಕು.

ಫೆಬ್ರವರಿ ೧೫, ಗುರುವಾರ

ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದ "ಕಾಲು ಉಳುಕಿದೆ" ಅಂದರು. ಕೈ ಸಾಲದೆಂದು ಕಾಲೂ ಹೋಯಿತಲ್ಲ ಅಂದುಕೊಂಡೆ. ಮುಲಾಮು ಹುಡುಕಿ ತೆಗೆದುಕೊಂಡು ಓಡಿದೆ. ಅತ್ತೆ ಎರಡು ಕಾಲಿನ ಮೇಲೂ ನೆಟ್ಟಗೆ ನಿಂತಿದ್ದರು. ಒಲೆಯ ಮೇಲೆ ಹಾಲು ಉಕ್ಕಿ ನೆಲದವರೆಗೆ ಹರಿದಿತ್ತು.

ನನ್ನ ಕೈಯಲ್ಲಿದ್ದ ಮುಲಾಮಿನ ಡಬ್ಬಿಯನ್ನು ತುಂಬ ಹೊತ್ತು ನೋಡಿದರು. ಬೈಯಲಿಲ್ಲ. ಅದೇ ನನಗೆ ಸರಿಬರಲಿಲ್ಲ.

ಫೆಬ್ರವರಿ ೧೮, ಭಾನುವಾರ

ಹಳೆಯ ಬಾಗಿಲು ಇಳಿಯಿತು. ಬಡಗಿ ಮತ್ತು ಗಾರೆ ಕೆಲಸದವನು ಸೇರಿ ಎತ್ತಿ ಅಂಗಳದ ಗೋಡೆಗೆ ಒರಗಿಸಿದರು. ಚೌಕಟ್ಟೂ ಹೋಯಿತು. ಮನೆ ಹಲ್ಲು ಕಿತ್ತ ಬಾಯಿಯಂತೆ ಕಾಣುತ್ತಿದೆ.

ಆಮೇಲೆ ಗೋಡೆ ಒಡೆಯಲು ಶುರು. ನಾನು ಪುಸ್ತಕದ ಕಪಾಟಿಗೆ ದೂಳು ಬೀಳದ ಹಾಗೆ ಬಟ್ಟೆ ಹೊದಿಸುತ್ತಿದ್ದೆ, ಗೋಡೆಗೆ ಬೆನ್ನು ಹಾಕಿ. ಗಾರೆಯವನು "ಸರಿಯಮ್ಮಾ" ಅಂದ. ಒಪ್ಪಿಗೆ ಕೊಡುತ್ತಿದ್ದಾನೆ ಅಂದುಕೊಂಡು "ಆಯ್ತಪ್ಪಾ" ಅಂದೆ. ಮತ್ತೆ "ಸರಿಯಮ್ಮಾ, ಸರಿ ಸರಿ!" ಅಂದ. ಎಷ್ಟು ವಿನಯದ ಮನುಷ್ಯ ಅಂದುಕೊಳ್ಳುವಷ್ಟರಲ್ಲಿ ಅತ್ತೆ ಒಂಟಿ ಕೈಯಲ್ಲಿ ನನ್ನ ತೋಳು ಹಿಡಿದು ಎಳೆದರು. ನಾನಿದ್ದ ಜಾಗಕ್ಕೆ ಮೂರು ಇಟ್ಟಿಗೆ ಒಟ್ಟಿಗೇ ಬಿದ್ದವು.

"ಇಟ್ಟಿಗೆ ಬೀಳ್ತಿದೆ, ಆ ಕಡೆ ಸರೀರಿ ಅಂತ ಆಗಿಂದ ಕಿರುಚ್ತಿದೀನಿ!" ಅಂದ, ಮುಖ ಬಿಳಿಚಿಕೊಂಡು.

"ಸರಿ ಅಂದ್ರೆ ಸರಿ ಅಂತಾನೂ ಆಗುತ್ತೆ, ಸರಕೊಳ್ಳಿ ಅಂತಾನೂ ಆಗುತ್ತೆ. ಬಿಡಿಸಿ ಹೇಳಬೇಕಪ್ಪಾ," ಅಂದೆ. ಇಂಥ ಭಾಷೆಯಿಟ್ಟುಕೊಂಡು ಕಿವಿಯನ್ನು ಬೈದು ಏನು ಪ್ರಯೋಜನ?

ಅತ್ತೆ ನನ್ನ ತೋಳು ಬಿಡಲು ಬಹಳ ಹೊತ್ತು ತೆಗೆದುಕೊಂಡರು.

ಫೆಬ್ರವರಿ ೨೧, ಬುಧವಾರ

ಬಾಗಿಲಿದ್ದ ಕಡೆ ಪ್ಲೈವುಡ್ ಹಲಗೆ, ಗಾಜು ಬರುವ ಕಡೆ ಪ್ಲಾಸ್ಟಿಕ್ ಹಾಳೆ. ಗಾಳಿ ಬಂದರೆ ಹಾಳೆ ಉಬ್ಬುತ್ತದೆ, ಯಾರೋ ನಿಂತ ಹಾಗೆ ಕಾಣುತ್ತದೆ. ಎದ್ದು ಹೋಗಿ ನೋಡುತ್ತೇನೆ. ಬಂದು ಕೂರುತ್ತೇನೆ. ಮತ್ತೆ ಏಳುತ್ತೇನೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಅತ್ತೆಗೆ ಹೊಸದೊಂದು ಚಟ. ಏನೇ ಹೇಳಬೇಕಾದರೂ ಸುತ್ತಿ ಬಳಸಿ ನನ್ನ ಎದುರಿಗೆ ಬಂದು ನಿಲ್ಲುತ್ತಾರೆ. ಬೆರಳಿನಿಂದ ಮೇಜು ಕುಟ್ಟುತ್ತಾರೆ, ನಾನು ನೋಡಿದ ಮೇಲೆ ಬಾಯಿ ತೆರೆಯುತ್ತಾರೆ. ನನ್ನನ್ನು ಅಂಗನವಾಡಿ ಕೂಸು ಅಂದುಕೊಂಡಿದ್ದಾರೆ. ಇವತ್ತು ಇವರಿಗೂ ಕಲಿಸುತ್ತಿದ್ದರು: "ಮೀಸೆ ಕತ್ತರಿಸ್ಕೊಳ್ಳೋ. ಬಾಯಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ."

ಇವರ ಮೀಸೆಯ ಮೇಲೆ ಅತ್ತೆಗೇಕೆ ಈಗ ಕಣ್ಣು? ಆದರೆ ಸಂಜೆ ಮೀಸೆ ಸಣ್ಣದಾಗಿತ್ತು. ಊಟಕ್ಕೆ ಕೂತಾಗ ಇವರು ಅಂಗಡಿಯ ಸುದ್ದಿ ಹೇಳಿದರು. ಅವಧಿ ಮುಗಿದ ಗುಳಿಗೆಗಾಗಿ ಒಬ್ಬ ಮುದುಕ ಜಗಳಕ್ಕೆ ಬಂದನಂತೆ, ಅದನ್ನೇ ಕೊಡಿ, ನನ್ನ ಅವಧಿಯೂ ಮುಗಿದಿದೆ ಅಂದನಂತೆ. ಬಹಳ ದಿನದ ಮೇಲೆ ಇಬ್ಬರೂ ಸೇರಿ ನಕ್ಕೆವು.

ಫೆಬ್ರವರಿ ೨೪, ಶನಿವಾರ

ಬಾಗಿಲು ಕೂತಿತು. ಗಾಜೂ ಕೂತಿತು. ಬಡಗಿ ರಸಮಟ್ಟ ಇಟ್ಟು ಓರೆ ಇದೆಯೇ ಎಂದು ಮೂರು ಸಲ ನೋಡಿದರು, ಅದರೊಳಗಿನ ಗುಳ್ಳೆ ಅತ್ತಿತ್ತ ಅಲುಗಲಿಲ್ಲ. ಗಾಜಿನಲ್ಲಿ ಮೆಟ್ಟಿಲು, ಗೇಟು, ಬೀದಿಯ ತಿರುವು ಎಲ್ಲ ಕಾಣುತ್ತದೆ.

"ಈಗ ಪರೀಕ್ಷೆ ಮಾಡಿಬಿಡೋಣ," ಅಂದೆ ಬಡಗಿಗೆ. "ನೀವು ಹೊರಗಿಂದ ಬಡೀರಿ. ಒಳಗೆ ಕೇಳುತ್ತೋ ಇಲ್ವೋ ನೋಡ್ತೀನಿ."

ಒಳಕೋಣೆಗೆ ಹೋಗಿ ಕಪಾಟಿನ ಕಡೆ ಮುಖ ಮಾಡಿ ನಿಂತೆ. ಕಾದೆ. ಮತ್ತೂ ಕಾದೆ. ಹೊರಗೆ ಬಂದಾಗ ಇವರು ಬಾಗಿಲ ಹತ್ತಿರ ನಿಂತಿದ್ದರು, ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಬಡಗಿ ಗಾಜಿನಾಚೆ ಇದ್ದರು, ಕೈ ಇನ್ನೂ ಮೇಲೆತ್ತಿಕೊಂಡೇ.

"ಯಾವಾಗ ಬಡೀತೀರಿ?" ಅಂದೆ.

ಬಡಗಿ ಬಾಗಿಲು ತೆರೆದು ಒಳಗೆ ಬಂದರು. ಬಾಯಿಯಲ್ಲಿ ಮೊಳೆ ಇರಲಿಲ್ಲ.

"ನಾಲ್ಕು ಸಲ ಬಡಿದೆನಮ್ಮಾ. ಕೊನೇ ಸಲ ಸುತ್ತಿಗೆ ಹಿಡೀಬೇಕೇನೋ ಅಂದುಕೊಂಡೆ."

ಇನ್ನು ಬರೆಯಲಾರೆ.

ಫೆಬ್ರವರಿ ೨೫, ಭಾನುವಾರ

ನಾದಿನಿ ಬಂದಿದ್ದಳು. ಹೊಸ ಬಾಗಿಲನ್ನೂ ಗಾಜನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿ, "ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ," ಅಂದಳು. ಅವಳ ಮಾತು ಮಾತ್ರ ನನಗೆ ಯಾವತ್ತೂ ಸ್ಪಷ್ಟವಾಗಿ ಕೇಳುತ್ತದೆ.

ತಾಯಿಯ ಪಕ್ಕ ಕೂತು ಇವರನ್ನೂ ಎದುರಿಗೆ ಕೂರಿಸಿದಳು. "ಅಣ್ಣಾ, ನಿನ್ನೆದುರಿಗೇ ಕೇಳ್ತೀನಿ. ಅರ್ಧ ಗಂಟೆ ಬಾಗಿಲು ಬಡಿದ್ರೆ ಒಳಗಿರೋರಿಗೆ ಕೇಳಲ್ವಾ? ಅತ್ತಿಗೆಗೆ ಅಮ್ಮ ಭಾರ ಆದ್ರೆ ಬಾಯಿಬಿಟ್ಟು ಹೇಳಲಿ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ನಾನು ಬಡೀಲೇ ಇಲ್ಲ ಕಣೇ."

"ಏನು?"

"ಬಡೀಲಿಲ್ಲ. ಗಾಳಿಗೆ ಮೆಟ್ಟಿಲ ಮೇಲೆ ಕೂತೆ, ಏಳುವಾಗ ಜಾರಿದೆ."

"ಪಕ್ಕದ ಮನೆಯವರು ಕೇಳಿಸ್ಕೊಂಡಿದಾರೆ ಅಮ್ಮಾ! ನೀನೇ ಫೋನಲ್ಲಿ ಬಡಿದು ಬಡಿದು ಸಾಕಾಯ್ತು ಅಂದೆ!"

"ಹಾಗಂದೆನಾ? ನೆನಪಿಲ್ಲ."

ಅತ್ತೆಗೆ ನೆನಪಿಲ್ಲವಂತೆ! ನಾನು ಮದುವೆಯಾಗಿ ಬಂದ ದಿನ ಯಾವ ಲೋಟ ಒಡೆದೆ ಎಂಬುದನ್ನು ಇವತ್ತಿಗೂ ಹೇಳುವ ಹೆಂಗಸು. ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ನಾದಿನಿಯ ದನಿ ಇಳಿಯಿತು. ಕಣ್ಣು ತುಂಬಿಕೊಂಡಳು. "ಅಣ್ಣಾ, ಅಮ್ಮನಿಗೆ ಮರೆವು ಶುರುವಾಗಿದೆ. ಇವಳೊಬ್ಬಳನ್ನೇ ಬಿಟ್ಟು ನೀವಿಬ್ಬರೂ ಕೆಲಸಕ್ಕೆ ಹೋದ್ರೆ ಹೇಗೆ? ನಾನು ಕರ್ಕೊಂಡು ಹೋಗ್ತೀನಿ. ಇವತ್ತೇ." ಎದ್ದು ಅತ್ತೆಯ ಬಟ್ಟೆಗಳನ್ನು ಜೋಡಿಸತೊಡಗಿದಳು. ಇವರು ಕಂಬದ ಹಾಗೆ ಕೂತಿದ್ದರು. ಅತ್ತೆ ಕಟ್ಟು ಹಾಕಿದ ಕೈಯನ್ನು ಸವರುತ್ತಿದ್ದರು. ಹೋಗುತ್ತೇನೆ ಅನ್ನಲಿಲ್ಲ, ಹೋಗಲ್ಲ ಅನ್ನಲಿಲ್ಲ.

ನಿಜ ಬರೆಯುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ. ಒಂದು ನಿಮಿಷ ಸುಮ್ಮನಿದ್ದೆ. ಸುಮ್ಮನೇ ಇದ್ದುಬಿಟ್ಟರೆ ಸಾಕಿತ್ತು. ಅಪವಾದ ಹೋಗುತ್ತಿತ್ತು, ಕೆಲಸ ಉಳಿಯುತ್ತಿತ್ತು, ಅಡುಗೆಮನೆ ನನ್ನೊಬ್ಬಳದಾಗುತ್ತಿತ್ತು. ಎಷ್ಟೋ ವರ್ಷ ಇದನ್ನೇ ಬಯಸಿದ್ದೇನೆ. ನಾದಿನಿ ಚೀಲದ ಜಿಪ್ ಎಳೆದಳು.

"ಅತ್ತೆ ಬಡಿದಿದ್ರು," ಅಂದೆ. "ನನಗೆ ಕೇಳಿಸಲಿಲ್ಲ. ನನಗೆ ಕಿವಿ ಕೇಳಿಸೋದಿಲ್ಲ."

ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ಚಿಕ್ಕ ಮಾತು ಅನ್ನಿಸಿತು.

ಮೊದಲು ಕೆರಳಿದವರು ಅತ್ತೆ. "ನಿನ್ನನ್ನ ಯಾರೇ ಕೇಳಿದ್ದು? ಮಾತು ಮುಗೀತಾ ಬಂದಿತ್ತಲ್ಲ!"

"ನಿಮಗೆ ಗೊತ್ತಿತ್ತಾ?"

"ಹಾಲು ಉಕ್ಕಿದೆ ಅಂದ್ರೆ ಮುಲಾಮು ಹಿಡ್ಕೊಂಡು ಬಂದೆಯಲ್ಲ, ಅವತ್ತು ಗೊತ್ತಾಯ್ತು. ಅದಕ್ಕೂ ಮೊದಲು ಅನುಮಾನ. ನಮ್ಮಪ್ಪನೂ ಹೀಗೇ, ಎಲ್ಲದಕ್ಕೂ ಹೂಂ ಅಂತಿದ್ದ. ಹೂಂ ಅಂದೂ ಅಂದೂ ಎರಡು ಎಕರೆ ಬರೆದುಕೊಟ್ಟ."

"ಹೇಳಬಾರದಿತ್ತಾ?"

"ಹೇಳಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಕಿವುಡಿ ಅಂತ ಕೋರ್ಟಲ್ಲಿ ಗೊತ್ತಾದ್ರೆ ಕೆಲಸ ಉಳಿಯುತ್ತೇನೇ? ಅದಕ್ಕೇ ಗಾಜು ಹಾಕ್ಸು ಅಂದೆ. ಕೇಳದಿದ್ರೆ ಕಾಣಲಿ ಅಂತ."

ನಾದಿನಿ ಜಿಪ್ಪನ್ನು ಹಿಂದಕ್ಕೆಳೆದಳು. ಬಟ್ಟೆಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಹೊರಡುವಾಗ ನನ್ನೆದುರು ನಿಂತು, ಕಿವುಡರ ಜೊತೆ ಎಲ್ಲರೂ ಮಾಡುವ ಹಾಗೆ ಬಾಯಿ ದೊಡ್ಡದಾಗಿ ತೆರೆದು, "ಬರ್ತೀನಿ ಅತ್ತಿಗೇ!" ಎಂದು ಕೂಗಿದಳು. ಪಾಪ, ಅದು ಅವಳ ಕ್ಷಮಾಪಣೆ.

ಮಾರ್ಚ್ ೪, ಸೋಮವಾರ

ಒಂದು ವಾರ ರಜೆ ಹಾಕಿ ಮನೆಯಲ್ಲೇ ಶತಪಥ ಹಾಕಿದೆ. ಇವತ್ತು ಹೋಗಿ ಸಾಹೇಬರ ಕೊಠಡಿಯ ಬಾಗಿಲಲ್ಲಿ ನಿಂತೆ. "ಒಳಗೆ ಬನ್ನಿ" ಅಂದರೋ ಇಲ್ಲವೋ ತಿಳಿಯದೆ ನಿಂತೇ ಇದ್ದೆ. ಕೊನೆಗೆ ಕೈಸನ್ನೆ ಮಾಡಿದರು.

ಹೇಳಿದೆ. ಅವರು ಬಾಯಿಯ ಮೇಲಿನ ಕೈ ತೆಗೆದರು.

"ಎಷ್ಟು ದಿನದಿಂದ?"

"ಗೊತ್ತಿಲ್ಲ ಸರ್." ಆಮೇಲೆ, "ಗೊತ್ತಿಲ್ಲ ಅಂದ್ಕೊಂಡಿದ್ದೆ ಸರ್. ಗೊತ್ತಿತ್ತು ಅನ್ಸುತ್ತೆ."

"ಒಂದಕ್ಷರಕ್ಕೆ ಒಬ್ಬ ಮನುಷ್ಯ ಜೈಲಿಗೆ ಹೋಗಿರ್ತಿದ್ದ. ಗೊತ್ತಲ್ಲ?"

"ಗೊತ್ತು ಸರ್. ಅದಕ್ಕೇ ಬಂದೆ."

ಸಮಾಧಾನದ ಮಾತು ಹೇಳಲಿಲ್ಲ. ಹೇಳಿದ್ದರೆ ಅತ್ತುಬಿಡುತ್ತಿದ್ದೆ. ಕಳೆದ ಒಂದು ವರ್ಷದ ನನ್ನ ಹಾಳೆಗಳನ್ನೆಲ್ಲ ವಕೀಲರ ಟಿಪ್ಪಣಿಗಳ ಜೊತೆ ಹೋಲಿಸಬೇಕು, ನಾನೇ ಕೂತು ಹೋಲಿಸಬೇಕು, ಇನ್ನೊಬ್ಬರು ಪಕ್ಕದಲ್ಲಿರಬೇಕು ಎಂದರು. ಅದು ಮುಗಿದ ಮೇಲೆ ನಕಲು ವಿಭಾಗಕ್ಕೆ. ಅಲ್ಲಿ ಕಣ್ಣಿದ್ದರೆ ಸಾಕು.

ನ್ಯಾಯಾಲಯದ ಕೋಣೆಯಿಂದ ನನ್ನ ಕುರ್ಚಿಯ ದಿಂಬು ತೆಗೆದುಕೊಂಡು ಬಂದೆ. ಇಪ್ಪತ್ತೆಂಟು ವರ್ಷ.

ಮಾರ್ಚ್ ೧೯, ಮಂಗಳವಾರ

ಇಲ್ಲಿಯವರೆಗೆ ನೂರಾ ಹದಿನೇಳು ಹೇಳಿಕೆ ನೋಡಿದೆವು. ತಪ್ಪು ನಾಲ್ಕು. ಯಾರ ತಲೆಯ ಮೇಲೂ ಬರುವಂಥವಲ್ಲ. ಒಂದರಲ್ಲಿ "ಎತ್ತು" ಹೋಗಿ "ಹೊತ್ತು" ಆಗಿತ್ತು: ಆರೋಪಿಯು ಎರಡು ಹೊತ್ತು ಕದ್ದನು. ಪಕ್ಕದಲ್ಲಿದ್ದ ಗುಮಾಸ್ತೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಈ ನಗು ಅವತ್ತಿನದರ ಹಾಗೆ ಚುಚ್ಚಲಿಲ್ಲ.

ಮಧ್ಯಾಹ್ನ ಕಿವಿ ವೈದ್ಯರ ಹತ್ತಿರ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಅಂದರು. ತುಂಬ ಹೊತ್ತು ಒತ್ತಲೇ ಇಲ್ಲ. ಹೊರಗೆ ಅತ್ತೆ ಕೂತಿದ್ದರು. ವೈದ್ಯರು ಯಂತ್ರದ ಗುಂಡಿ ಒತ್ತಿ ಸದ್ದು ಬಿಟ್ಟಾಗಲೆಲ್ಲ ಅತ್ತೆ ನನಗೆ ಬೆರಳೆತ್ತಿ ತೋರಿಸತೊಡಗಿದರು, ಪರೀಕ್ಷೆಯಲ್ಲಿ ನಕಲು ಹೊಡೆಸುವವರಂತೆ. ವೈದ್ಯರು ಅವರನ್ನು ಎಬ್ಬಿಸಿ ಆಚೆ ಕಳಿಸಿದರು.

ಮಾರ್ಚ್ ೩೧, ಭಾನುವಾರ

ನಿನ್ನೆ ಯಂತ್ರ ಸಿಕ್ಕಿತು. ಕಿವಿಯ ಹಿಂದೆ ಕೂರುತ್ತದೆ, ಕೂದಲಲ್ಲಿ ಮುಚ್ಚಿಹೋಗುತ್ತದೆ. ಹಾಳೆ ತಿರುವಿದರೂ ಚರಪರ, ನನ್ನ ಚಪ್ಪಲಿಯೇ ನನ್ನನ್ನು ಹಿಂಬಾಲಿಸುತ್ತದೆ. ಅರ್ಧ ದಿನದಲ್ಲಿ ತಲೆ ಸಿಡಿದು ತೆಗೆದಿಟ್ಟಿದ್ದೆ. ಬೆಳಿಗ್ಗೆ ಯಾರಿಗೂ ಹೇಳದೆ ಮತ್ತೆ ಹಾಕಿಕೊಂಡು ಒಲೆಯ ಮುಂದೆ ನಿಂತೆ.

ಅತ್ತೆ ಹಿಂದಿನಿಂದ ಬಂದರು. ಕಟ್ಟು ಬಿಚ್ಚಿದ ಮೇಲೆ ಎರಡೂ ಕೈಗೆ ಕೆಲಸ ಹುಡುಕುತ್ತಾರೆ. ತರಕಾರಿ ಹೆಚ್ಚುತ್ತ ನನ್ನ ಬೆನ್ನಿಗೆ ಗೊಣಗತೊಡಗಿದರು, ಒಂದೇ ರಾಗದಲ್ಲಿ, ದಿನಾ ಹಾಡುವ ಹಾಡಿನ ಹಾಗೆ.

"ಉಪ್ಪು ಹಾಕೋದಕ್ಕೆ ಕೈ ಬರಲ್ಲ ಮಹಾರಾಯ್ತಿಗೆ. ಅವರಪ್ಪ ಏನು ಉಪ್ಪಿನ ಮಂಡಿ ಇಟ್ಟು ಮುಳುಗಿಹೋಗಿದ್ನಾ..."

"ನಮ್ಮಪ್ಪ ಮಂಡಿ ಇಟ್ಟಿರಲಿಲ್ಲ ಅತ್ತೆ. ಸ್ಕೂಲ್ ಮೇಷ್ಟ್ರು," ಅಂದೆ, ತಿರುಗದೆ.

ಚಾಕು ನಿಂತಿತು. ಅದು ನಿಂತದ್ದೂ ಕೇಳಿಸಿತು.

"ಹಾಕ್ಕೊಂಡಿದೀಯಾ?"

"ಹೂಂ."

"ಎಷ್ಟು ಹೊತ್ತಿಂದ?"

"ಬೆಳಿಗ್ಗೆಯಿಂದ."

ಅತ್ತೆ ಮುಖ ಊದಿಸಿಕೊಂಡರು. "ನಿನ್ನ ಬೆನ್ನ ಹಿಂದೆ ನೆಮ್ಮದಿಯಾಗಿ ನಾಲ್ಕು ಮಾತು ಬೈಕೋತಿದ್ದೆ. ಆ ಸುಖಾನೂ ಹೋಯ್ತು. ಇನ್ನು ಬೈಯೋದಕ್ಕೆ ಹೊರಗೇ ಹೋಗಬೇಕು."

ತಮಾಷೆ ಅಂದುಕೊಂಡೆ. ಚಪ್ಪಲಿ ಮೆಟ್ಟಿಕೊಂಡು ನಿಜಕ್ಕೂ ಹೊರಗೆ ಹೋಗಿ ಬಾಗಿಲೆಳೆದುಕೊಂಡರು. ನಾನು ಸೌಟು ಹಿಡಿದೇ ಹಿಂದೆ ಬಂದೆ. ಗಾಜಿನಾಚೆ ನಿಂತು ಅವರು ಎರಡೂ ಕೈ ಆಡಿಸುತ್ತ ಶುರುಮಾಡಿದರು. ದಪ್ಪ ಗಾಜು, ದನಿ ಬರುತ್ತಿರಲಿಲ್ಲ. ಆದರೆ ತುಟಿ ಕಾಣುತ್ತಿತ್ತು. ಉಪ್ಪು ಮುಗಿಸಿ ನಾನು ಬಟ್ಟೆ ಒಣಹಾಕುವ ರೀತಿಗೆ ಬಂದರು. ಅಲ್ಲಿಂದ ಎಣ್ಣೆಗೆ. ನಾನೂ ಈ ಕಡೆಯಿಂದ ಒಂದೊಂದಕ್ಕೂ ಉತ್ತರ ಕೊಟ್ಟೆ, ಸೌಟು ಎತ್ತಿ. ಪಕ್ಕದ ಮನೆಯಾಕೆ ಗೇಟಿನಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದಳು. ಸ್ನಾನದ ಮನೆಯಿಂದ ಬಂದ ಇವರು ಒಮ್ಮೆ ನನ್ನನ್ನೂ ಒಮ್ಮೆ ತಾಯಿಯನ್ನೂ ನೋಡಿ, ಸದ್ದಿಲ್ಲದೆ ಒಳಗೆ ಹೋದರು.

ಬಿಸಿಲು ಏರಿತು. ಅತ್ತೆ ಮಾತು ನಿಲ್ಲಿಸಿ ಹಣೆ ಒರೆಸಿಕೊಂಡರು. ಬಾಗಿಲು ತೆರೆದೆ. ಒಳಗೆ ಬಂದು ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು, ನೀರು ಕುಡಿದರು.

"ಎಲ್ಲಿಗೆ ನಿಲ್ಲಿಸಿದ್ದೆ?"

"ಎಣ್ಣೆಯ ಹತ್ತಿರ," ಅಂದೆ.

"ಹಾಂ, ಎಣ್ಣೆ," ಎಂದು ಮುಂದುವರಿಸಿದರು.